ಮನವಿ ಪತ್ರ: ನಿಂತುಹೋದ ನೀರಿನ ಘಟಕ, ಕಾಂಕ್ರೀಟಿನ ಮೇಲೆ ಕಾಂಕ್ರೀಟು

ಗೆ,
ಅಧ್ಯಕ್ಷರು ಮತ್ತು ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು, ಗ್ರಾಮ ಪಂಚಾಯತಿ
ಪ್ರತಿ: ಕಾರ್ಯನಿರ್ವಾಹಕ ಅಧಿಕಾರಿಗಳು, ತಾಲ್ಲೂಕು ಪಂಚಾಯತಿ

ವಿಷಯ: ಶುದ್ಧ ಕುಡಿಯುವ ನೀರಿನ ಘಟಕದ ದುರಸ್ತಿ ಹಾಗೂ 15ನೇ ಹಣಕಾಸು ಆಯೋಗದ ಅನುದಾನದ ಲೆಕ್ಕ ಕೋರಿ.

ಮಾನ್ಯರೇ,

ಇದೇ ವಿಷಯಕ್ಕೆ ಇದು ಐದನೇ ಅರ್ಜಿ. ಮೊದಲನೆಯದಕ್ಕೆ ಸ್ವೀಕೃತಿ ಮುದ್ರೆ ಬಿತ್ತು, ಉತ್ತರ ಬರಲಿಲ್ಲ. ಎರಡನೆಯದಕ್ಕೆ ‘ಪರಿಶೀಲನೆಯಲ್ಲಿದೆ’ ಎಂಬ ಒಂದು ಸಾಲಿನ ಹಿಂಬರಹ. ಮೂರನೆಯದನ್ನು ತಾಲ್ಲೂಕು ಪಂಚಾಯತಿಗೆ ಕೊಟ್ಟರೆ, ‘ಸೂಕ್ತ ಕ್ರಮಕ್ಕಾಗಿ’ ಎಂದು ಬರೆದು ನಿಮಗೇ ಕಳುಹಿಸಿದರು. ಯಾರ ಮೇಲೆ ದೂರೋ ಅವರ ಮೇಜಿಗೇ ದೂರು ಬಂದು ಕೂತಿತು. ನಾಲ್ಕನೆಯದು ಮಾಹಿತಿ ಹಕ್ಕಿನ ಅರ್ಜಿ. ಕಾಯ್ದೆ ಕೊಟ್ಟಿರುವ 30 ದಿನ ಕಳೆಯಿತು, ಮೇಲ್ಮನವಿಯನ್ನೂ ಹಾಕಿದೆವು, ಅದಕ್ಕೂ ಸದ್ದಿಲ್ಲ. ಗ್ರಾಮಸಭೆಯಲ್ಲಿ ಎದ್ದು ಕೇಳಿದ ಮಾತು ನಡವಳಿ ಪುಸ್ತಕ ಸೇರಲೇ ಇಲ್ಲ.

ಘಟಕಕ್ಕೆ ಬಂದಿರುವುದು ದೊಡ್ಡ ರೋಗವಲ್ಲ. ಮರಳಿನ ಫಿಲ್ಟರಿಗೆ ಹಿಮ್ಮುಖವಾಗಿ ನೀರು ಹಾಯಿಸಿ ತೊಳೆಯುವವರಿಲ್ಲ, ಕೆಸರು ಮುಂದಿನ ಸಣ್ಣ ಫಿಲ್ಟರಾದ ಕಾರ್ಟ್ರಿಜ್ ಸೇರಿದೆ. ಸುಣ್ಣ ಕಟ್ಟದಂತೆ ಔಷಧ ಬೆರೆಸುವ ಡೋಸಿಂಗ್ ಪಂಪ್ ಕೆಟ್ಟು, ಗಡಸು ನೀರಿನ ಸುಣ್ಣ ನೀರು ಸೋಸುವ ತೆಳು ಪೊರೆಯಾದ ಮೆಂಬ್ರೇನ್ ಮೇಲೆ ಕಟ್ಟಿಕೊಂಡಿದೆ. ಒತ್ತಡ ಏರುತ್ತದೆ, ನೀರು ಸಣ್ಣಗಾಗುತ್ತದೆ, ಮೋಟಾರು ಟ್ರಿಪ್ ಆಗುತ್ತದೆ. ಕಾರ್ಟ್ರಿಜ್ ಬದಲಿಸಿ, ಪಂಪ್ ಸರಿಪಡಿಸಿ, ಮೆಂಬ್ರೇನನ್ನು ಆಸಿಡ್‌ನಲ್ಲಿ ತೊಳೆಸಿ. ಅದು ಕೂಡಿಬರದಿದ್ದರೆ ಮಾತ್ರ ಹೊಸದು ಹಾಕಿಸಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಹಾಕಿರುವ ಗರಿಷ್ಠ ಮಿತಿ. ಕೊಳವೆಬಾವಿಯ ಪರೀಕ್ಷಾ ವರದಿಯನ್ನು ಸೂಚನಾ ಫಲಕಕ್ಕೆ ಹಚ್ಚಿ ಎಂದರೆ ಅದೂ ಆಗಿಲ್ಲ. ಮಕ್ಕಳು ಆ ಕೊಳವೆಬಾವಿಯ ನೀರನ್ನೇ ಕುಡಿಯುತ್ತಿದ್ದಾರೆ.

ದಯವಿಟ್ಟು ಇನ್ನು ‘ಅನುದಾನವಿಲ್ಲ’ ಎನ್ನಬೇಡಿ. 15ನೇ ಹಣಕಾಸು ಆಯೋಗದ 2021-26ರ ಅನುದಾನದಲ್ಲಿ ಶೇ 60 ನಿರ್ಬಂಧಿತ ಹಣ, ಅಂದರೆ ಗೊತ್ತುಪಡಿಸಿದ ಕೆಲಸಕ್ಕೇ ಖರ್ಚಾಗಬೇಕಾದ ಹಣ. ಅದರಲ್ಲಿ ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ನೀರಿನ ಪಾಲು ಎಲ್ಲಿ ಹೋಯಿತು? ಊರಿನ ಕಣ್ಣಿಗೆ ಕಾಣುವುದು ರಸ್ತೆ ಒಂದೇ. ಹೊಸ ಕಾಮಗಾರಿಗೆ ಅಂದಾಜು ಪಟ್ಟಿ ಇದೆ, ಬಿಲ್ಲು ಇದೆ. ಫಿಲ್ಟರ್ ತೊಳೆಯುವುದಕ್ಕೆ ಗುತ್ತಿಗೆದಾರ ಬೇಕಿಲ್ಲ, ಅದಕ್ಕೇ ಯಾರಿಗೂ ಬೇಡವಾಗಿದೆ.

ಆ ರಸ್ತೆಯಾದರೂ ನೆಟ್ಟಗಿದೆಯೇ? ಹಳೆ ಕಾಂಕ್ರೀಟನ್ನು ಅಗೆಯದೆ ಅದರ ಮೇಲೇ ಸುರಿದಿದ್ದರಿಂದ ಮನೆಗಳ ಹೊಸ್ತಿಲು ರಸ್ತೆಗಿಂತ ತಗ್ಗಾಗಿ ಮಳೆನೀರು ಒಳಗೆ ಬರುತ್ತಿದೆ. ಅಂಚಿನಲ್ಲಿ ಆರು ಇಂಚು ದಪ್ಪ ಕಾಣುತ್ತದೆ, ಬಿರುಕು ಬಿಟ್ಟ ನಡುವೆ ಮೂರು ಇಂಚೂ ಇಲ್ಲ. ಬದು ಕಟ್ಟಿ ಎರಡು ವಾರವಾದರೂ ನೀರು ನಿಲ್ಲಿಸಬೇಕಿತ್ತು, ಮೂರೇ ದಿನಕ್ಕೆ ಟ್ರ್ಯಾಕ್ಟರ್ ಓಡಿತು. ಬಿರುಕು ತಡೆಯಲು ಅಲ್ಲಲ್ಲಿ ಅಡ್ಡ ಗೀರು (ಜಾಯಿಂಟ್) ಕೊಯ್ಯದ ಕಾರಣ ಎಲ್ಲಿ ಬೇಕೋ ಅಲ್ಲಿ ಸೀಳಿದೆ. ಒಂದೇ ರಸ್ತೆಯನ್ನು ಮೂರು ಕಾಮಗಾರಿಯಾಗಿ ತುಂಡರಿಸಿದ್ದು, ಮೊತ್ತ ಚಿಕ್ಕದಾಗಿಸಿ ಟೆಂಡರ್ ತಪ್ಪಿಸಲು ಅಲ್ಲವೆಂದಾದರೆ ಮತ್ತೇಕೆ, ಬರೆದು ತಿಳಿಸಿ.

ಜಲಜೀವನ್ ಪೈಪಿಗೆ ಅಗೆದ ಕಾಲುವೆ ಇನ್ನೂ ಬಾಯಿ ತೆರೆದಿದೆ. ಚರಂಡಿ ಹೂಳನ್ನು ಎತ್ತಿ ದಡದಲ್ಲೇ ಗುಡ್ಡೆ ಹಾಕುತ್ತೀರಿ, ಮೊದಲ ಮಳೆಗೆ ಅದು ವಾಪಸ್ ಒಳಗೆ. ಬೀದಿದೀಪ ಹಗಲೆಲ್ಲ ಉರಿಯುತ್ತವೆ, ಅದರ ಕರೆಂಟ್ ಬಿಲ್ಲೂ ನಮ್ಮ ತೆರಿಗೆಯಿಂದಲೇ.

ಏಳು ದಿನದೊಳಗೆ ಘಟಕ ಚಾಲೂ ಆಗಬೇಕು. ಮೂರೂ ಕಾಮಗಾರಿಗಳ ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲುಗಳ ನಕಲು ಕೊಡಬೇಕು. ರಸ್ತೆಯ ನಡುವೆ, ನಾವು ತೋರಿಸಿದ ಕಡೆ, ನಮ್ಮೆದುರೇ ಕೋರ್ (ಕಾಂಕ್ರೀಟನ್ನು ಕೊರೆದು ತೆಗೆದ ಉರುಳೆ ಮಾದರಿ) ತೆಗೆದು ದಪ್ಪ ಅಳೆಯಬೇಕು; ಮಾದರಿ ಪಡೆಯುವ ಹಕ್ಕು ಮಾಹಿತಿ ಹಕ್ಕು ಕಾಯ್ದೆಯಲ್ಲೇ ಇದೆ. ಅಲ್ಲಿಯವರೆಗೆ ಗುತ್ತಿಗೆದಾರರ ಠೇವಣಿ ವಾಪಸ್ ಕೊಡಬೇಡಿ, ಹೊಸ ಕ್ರಿಯಾ ಯೋಜನೆಗೆ ನಮ್ಮ ಒಪ್ಪಿಗೆಯೂ ಇಲ್ಲ. ಈ ಸಲ ಹಿಂಬರಹ ಬೇಡ, ದಾಖಲೆ ಬೇಕು.

ಇಂತಿ,
ಗ್ರಾಮದ ನಿವಾಸಿಗಳು
(ಸಹಿಗಳ ಪಟ್ಟಿ ಲಗತ್ತಿಸಿದೆ)