ಬನಶಂಕರಿ ಜಾತ್ರೆಯಲ್ಲಿ ಈ ಫ್ರೆಂಚ್ ಚಿತ್ರ ತೋರಿಸಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಸಿನಿಮಾ ಪುಟದಲ್ಲಿ ಹಳೆಯ ಪ್ರೇಮಚಿತ್ರಗಳ ಬಗ್ಗೆ ಬಂದ ಬರಹ ಓದಿದೆ. ‘ಚಿಲ್ಡ್ರನ್ ಆಫ್ ಪ್ಯಾರಡೈಸ್’ ಎಂಬ ಫ್ರೆಂಚ್ ಚಿತ್ರಕ್ಕೆ ಅದರಲ್ಲಿ ಸಿಕ್ಕಿದ್ದು ಎರಡೇ ಸಾಲು: ಒಬ್ಬ ಚೆಲುವೆ, ಅವಳ ಹಿಂದೆ ನಾಲ್ವರು, ಕೊನೆಗೊಂದು ಕೊಲೆ. ನನಗೆ ಸಮಾಧಾನವಾಗಲಿಲ್ಲ. ಕಂಪನಿ ನಾಟಕಗಳಲ್ಲಿ ಹಾಸ್ಯ ಪಾತ್ರ ಮಾಡಿ ಹೊಟ್ಟೆ ಹೊರೆದವನು ನಾನು. ನಾಟಕದವರನ್ನು ಇಷ್ಟು ಗೌರವದಿಂದ ಕಂಡ ಇನ್ನೊಂದು ಚಿತ್ರವನ್ನು ನಾನು ನೋಡಿಲ್ಲ.

ಕಥೆ ನಡೆಯುವುದು 1830ರ ಆಸುಪಾಸಿನ ಪ್ಯಾರಿಸ್ಸಿನಲ್ಲಿ, ಸಾಲುಸಾಲು ಥೇಟರುಗಳಿದ್ದ ಬೀದಿಯಲ್ಲಿ. ಅಲ್ಲೊಂದು ಥೇಟರಿನ ಬಾಗಿಲಲ್ಲಿ ಮುಖಕ್ಕೆ ಬಿಳಿ ಬಳಿದುಕೊಂಡ ಮೂಕಾಭಿನಯದ ನಟ ಬಾಪ್ತಿಸ್ತ್ ಪೆದ್ದನಂತೆ ಕುಳಿತಿರುತ್ತಾನೆ. ಜನಜಂಗುಳಿಯಲ್ಲಿ ಸಾಹುಕಾರನೊಬ್ಬನ ಚಿನ್ನದ ಗಡಿಯಾರ ಕಳುವಾಗುತ್ತದೆ. ಕದ್ದವನು ಲಾಸನೇರ್, ಗುಮಾನಿ ಮಾತ್ರ ಪಕ್ಕದಲ್ಲಿ ನಿಂತ ಆ ಚೆಲುವೆ ಗರಾನ್ಸ್ ಮೇಲೆ. ನಮ್ಮ ಕಂಪನಿಯ ನಟಿಯರಿಗೆ ಊರೂರಲ್ಲಿ ಬಾಡಿಗೆ ಕೋಣೆ ಕೊಡಲು ಜನ ಹಿಂದೆಮುಂದೆ ನೋಡುತ್ತಿದ್ದುದನ್ನು ಕಂಡ ನನಗೆ ಅದು ಹೊಸದೆನಿಸಲಿಲ್ಲ. ಆಗ ಬಾಪ್ತಿಸ್ತ್ ತುಟಿ ಬಿಚ್ಚದೆ ನಡೆದದ್ದನ್ನೆಲ್ಲ ಪೊಲೀಸನ ಮುಂದೆ ಅಭಿನಯಿಸುತ್ತಾನೆ. ಹೊಟ್ಟೆ ಉಬ್ಬಿಸಿದರೆ ಅವನೇ ಸಾಹುಕಾರ, ಬೆರಳು ಮೆಲ್ಲಗೆ ಜಾರಿದರೆ ಅವನೇ ಕಳ್ಳ. ಜನ ಬಿದ್ದು ಬಿದ್ದು ನಗುತ್ತಾರೆ. ಬಿಡುಗಡೆಯಾದ ಗರಾನ್ಸ್ ಅವನತ್ತ ಹೂವೊಂದನ್ನು ಎಸೆಯುತ್ತಾಳೆ. ಅವನ ಪ್ರೇಮ ಮೊದಲಾಗುವುದೇ ಹೀಗೆ, ಕಳ್ಳತನದ ನಡುವೆ, ನಟನ ಕಸುಬಿನ ಬಲದಿಂದ. ಮಾತಿಲ್ಲದೆ ಬೀದಿಯ ಜನರನ್ನು ನಗಿಸುವ ಕಷ್ಟ ನನಗೆ ಗೊತ್ತು. ಬಾಪ್ತಿಸ್ತ್ ಪಾತ್ರ ಮಾಡಿದ ಝಾಂ ಲೂಯಿ ಬಾರೋ ಅವರ ಆ ಅಭಿನಯಕ್ಕೆ ಕೈಮುಗಿಯುತ್ತೇನೆ.

ಮಾರ್ಸೆಲ್ ಕಾರ್ನೆ ನಿರ್ದೇಶಿಸಿ, ಕವಿ ಝಾಕ್ ಪ್ರೆವೆರ್ ಬರೆದ ಈ ಚಿತ್ರ ತಯಾರಾದದ್ದು ಫ್ರಾನ್ಸ್ ಜರ್ಮನ್ ಸೇನೆಯ ಹಿಡಿತದಲ್ಲಿದ್ದಾಗ. ದೃಶ್ಯಸಜ್ಜಿಕೆಯ ಟ್ರೋನರ್, ಸಂಗೀತದ ಕೊಸ್ಮಾ ಇಬ್ಬರೂ ಯಹೂದಿಗಳು, ತಲೆಮರೆಸಿಕೊಂಡೇ ಕೆಲಸ ಮಾಡಿದವರು. ಪ್ಯಾರಿಸ್ ಬಿಡುಗಡೆಯಾದ ಮೇಲೆ, 1945ರ ಮಾರ್ಚಿನಲ್ಲಿ ಚಿತ್ರ ತೆರೆಕಂಡಿತು.

ಇನ್ನು ಆ ಪ್ರೇಕ್ಷಕರು! ಛಾವಣಿಗೆ ತಾಗಿದಂತಿರುವ ಅಟ್ಟಣಿಗೆಯೇ ಅಲ್ಲಿ ಎಲ್ಲಕ್ಕಿಂತ ಅಗ್ಗದ ಜಾಗ. ಬಡಜನ ಅಲ್ಲಿ ಕಿಕ್ಕಿರಿದು ಕೂಗುತ್ತಾ, ಬಯ್ಯುತ್ತಾ ನಾಟಕ ನೋಡುತ್ತಾರೆ. ಆ ಅಟ್ಟಣಿಗೆಯನ್ನು ಫ್ರೆಂಚರು ‘ಪ್ಯಾರಡೈಸ್’, ಅಂದರೆ ಸ್ವರ್ಗ, ಎನ್ನುತ್ತಿದ್ದರು; ಚಿತ್ರಕ್ಕೆ ಹೆಸರು ಬಂದದ್ದೂ ಅಲ್ಲಿ ಕೂತವರಿಂದಲೇ. ಗ್ಯಾಲರಿಯಿಂದ ‘ಒನ್ಸ್ ಮೋರ್’ ಬಂದ ರಾತ್ರಿ ನಮಗೆ ಊಟದ ರುಚಿಯೇ ಬೇರೆ ಇರುತ್ತಿತ್ತು.

ಬನದ ಹುಣ್ಣಿಮೆಗೆ ತೇರೆಳೆದ ಮೇಲೂ ಬಾದಾಮಿ ಬಳಿಯ ಬನಶಂಕರಿಯಲ್ಲಿ ನಾಟಕ ಕಂಪನಿಗಳು ವಾರಗಟ್ಟಲೆ ಬೀಡುಬಿಟ್ಟಿರುತ್ತವೆ. ರಾತ್ರಿಯೆಲ್ಲ ಆಟವಾದ ಮೇಲೆ ಬೆಳಗಿನ ಹೊತ್ತು ಥೇಟರು ಖಾಲಿ. ಚಿತ್ರ ಮೂರು ಗಂಟೆ ಮೀರುತ್ತದೆ, ಆದರೆ ಎರಡು ಭಾಗಗಳಲ್ಲಿದೆ; ನಡುವೆ ಚಹಾಕ್ಕೆ ಬಿಡುವು ಕೊಡಬಹುದು. ಕನ್ನಡ ಅಡಿಬರಹ ಹಾಕಿಸಿ ಒಂದು ದಿನ ತೋರಿಸಲು ಕರ್ನಾಟಕ ನಾಟಕ ಅಕಾಡೆಮಿ ಮತ್ತು ಚಲನಚಿತ್ರ ಅಕಾಡೆಮಿ ಕೂಡಿ ಮನಸ್ಸು ಮಾಡಲಿ. ಮುಂದಿನ ಸಾಲುಗಳನ್ನು ಅಧಿಕಾರಿಗಳಿಗಲ್ಲ, ಕಂಪನಿಗಳ ಕಲಾವಿದರಿಗೆ, ಪರದೆ ಎಳೆಯುವವರಿಗೆ, ಅಡುಗೆಯವರಿಗೆ ಮೀಸಲಿಡಲಿ.

– ಹಿರಿಯ ವೃತ್ತಿ ರಂಗಭೂಮಿ ಕಲಾವಿದ, ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆ