ಹಿಂದಿನ ಸಾಲಿನ ಅಜ್ಜಿಗೆ

ಅಜ್ಜೀ, ನಿಮ್ಮ ಹೆಸರು ಕೇಳುವುದೇ ಮರೆತೆ. ಆವತ್ತು ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಬೇಜಾರಲ್ಲಿ ಸುಮ್ನೆ ಕೂತಿದ್ದೆ. ಸರ್ಕಾರವನ್ನು ಪ್ರಶ್ನಿಸುವುದೇ ಪಾಪ, ಬೈಬಲಿನಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೇ ಅಧ್ಯಾಯ ಹೇಳುವುದು ಅದನ್ನೇ ಅಂತ ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೆ. ಮನಸ್ಸು ಮಾತ್ರ ಒಪ್ಪುತ್ತಿರಲಿಲ್ಲ.

ನೀವು ಪಕ್ಕದಲ್ಲಿ ಕೂತು, ಅಂಚು ಸವೆದ ನಿಮ್ಮ ಬೈಬಲ್ ತೆರೆದಿರಿ. '13' ಅನ್ನುವ ಅಂಕಿಯನ್ನು ಹೆಬ್ಬೆರಳಿನಿಂದ ಮುಚ್ಚಿ, "ಈಗ ಓದಮ್ಮ" ಅಂದಿರಿ. ಪೌಲ ಅಧ್ಯಾಯ ಮಾಡಿ ಬರೆದಿರಲಿಲ್ಲ, ಈ ವಿಂಗಡಣೆ ಬಂದದ್ದು 13ನೇ ಶತಮಾನದಲ್ಲಿ ಅಂತಲೂ ಹೇಳಿದಿರಿ. ಒಟ್ಟಿಗೆ ಓದಿದೆ. ಮೇಲೆ, ಕೆಟ್ಟದ್ದಕ್ಕೆ ಕೆಟ್ಟದ್ದು ಮಾಡಬೇಡಿ ಅನ್ನುವ ಮಾತು. ಕೆಳಗೆ, ಪ್ರೀತಿಯಿಂದಲೇ ಧರ್ಮಶಾಸ್ತ್ರ ನೆರವೇರುತ್ತದೆ ಅನ್ನುವ ಮಾತು. ಅಧಿಕಾರಿಗಳ ವಿಷಯ ಇವೆರಡರ ನಡುವೆ! ಎಷ್ಟು ವರ್ಷ ಅದೊಂದನ್ನೇ ಕಿತ್ತು ಓದಿದ್ದೆ ಅಲ್ವಾ?

ಉತ್ತರ ನೀವು ಹೇಳಲಿಲ್ಲ. ಅದೇ ನನಗೆ ಜಾಸ್ತಿ ಇಷ್ಟವಾಯಿತು. ಚೀಟಿಯಲ್ಲಿ ಬೈಬಲಿನ ಎರಡು ಅಧ್ಯಾಯಗಳನ್ನು ಎರಡೇ ಸಾಲಲ್ಲಿ ಬರೆದುಕೊಟ್ಟಿರಿ: 1 ಸಮುವೇಲ 8, ಅಪೊಸ್ತಲರ ಕೃತ್ಯಗಳು 5. ಜನ ಅರಸ ಬೇಕೇ ಬೇಕು ಅಂತ ಹಟ ಹಿಡಿದಾಗ, ಅವನು ನಿಮ್ಮ ಮಕ್ಕಳನ್ನೂ ಹೊಲಗಳನ್ನೂ ತೆಗೆದುಕೊಳ್ಳುತ್ತಾನೆ ಎಂದು ಪ್ರವಾದಿ ಸಮುವೇಲ ಎಚ್ಚರಿಸುತ್ತಾನೆ. ಯೇಸುವಿನ ಶಿಷ್ಯ ಪೇತ್ರನಂತೂ ನ್ಯಾಯಸಭೆಯ ಎದುರೇ ನಿಂತು, ಮನುಷ್ಯರಿಗಿಂತ ದೇವರ ಮಾತು ಕೇಳಬೇಕು ಅನ್ನುತ್ತಾನೆ. ಅವತ್ತು ರಾತ್ರಿ ಎರಡನ್ನೂ ಓದಿ ಅತ್ತುಬಿಟ್ಟೆ.

ಚೀಟಿ ಈಗಲೂ ನನ್ನ ಬೈಬಲಿನಲ್ಲಿದೆ. ಈ ವಾರ ಯಾಕೋಬನ ಪತ್ರಿಕೆ ಓದುತ್ತಿದ್ದೇನೆ, ಅಂಕಿಗಳನ್ನು ಬೆರಳಿನಿಂದ ಮುಚ್ಚಿಕೊಂಡೇ. ತುಂಬಾ ಥ್ಯಾಂಕ್ಸ್ ಅಜ್ಜೀ.