ಕಾಯಿಲ್ ಸುತ್ತುವ ಮೊದಲು

ಮಂಡ್ಯ

ಪ್ರೀತಿಯ ಪುಟ್ಟಿ,

ಆಶೀರ್ವಾದಗಳು. ನೀನು ಮಾನಸಗಂಗೋತ್ರಿಯಲ್ಲಿ ‘ಸೌಂಡ್ ನಿಲ್ಲಿಸೋ ಹರಳು’ ಮಾಡ್ತಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ಫೋನಾನಿಕ್ ಕ್ರಿಸ್ಟಲ್ ಇರಬೇಕು ಅಂದುಕೊಂಡೆ, ಅಂದರೆ ಒಂದೇ ಅಂತರದಲ್ಲಿ ತುಂಡುಗಳನ್ನು ಜೋಡಿಸಿ ಕೆಲವು ಶಬ್ದಗಳನ್ನು ತಡೆಯುವ ರಚನೆ. ತಂತಿಯ ಕಾಯಿಲ್ ಸುತ್ತಿ, ಕರೆಂಟ್ ಕೊಟ್ಟು, ಆ ಅಯಸ್ಕಾಂತದಿಂದ ಅದನ್ನು ಟ್ಯೂನ್ ಮಾಡುವ ಆಸೆಯಂತೆ. ಒಳ್ಳೆಯದೇ. ಆದರೆ ಒಂದು ಮಾತು ಕೇಳು.

ಮ್ಯಾಡ್ರಿಡ್‌ನಲ್ಲಿ ಯೂಸೆಬಿಯೊ ಸೆಂಪೆರೆ ಮಾಡಿದ ಸ್ಟೀಲ್ ಕೊಳವೆಗಳ ಶಿಲ್ಪ ಇದೆಯಲ್ಲ, 10 ಸೆಂಟಿಮೀಟರ್‌ಗೆ ಒಂದೊಂದು ಕೊಳವೆ. 1995ರಲ್ಲಿ ಅದನ್ನು ಅಳೆದ ಫಲಿತಾಂಶ ಬಂತು. 1,670 ಹರ್ಟ್ಸ್ ಹತ್ತಿರದ ಶಬ್ದ ಅದರೊಳಗೆ ಸೊರಗುತ್ತಿತ್ತು. ಲೆಕ್ಕ ನೀನೇ ಹಾಕು: ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅಂತರದ ಎರಡರಷ್ಟರಿಂದ ಭಾಗಿಸಿದರೆ 1,700. ಅಲ್ಲಿ ಆಟವೆಲ್ಲ ಅಂತರದ್ದು.

ಈಗ ಸ್ಟೀಲ್ ತೆಗೆದು, ಕಬ್ಬಿಣದ ಪುಡಿ ಬೆರೆಸಿದ ಸಿಲಿಕೋನ್ ರಬ್ಬರ್ ಕಡ್ಡಿ ನಿಲ್ಲಿಸಿ, ಅಯಸ್ಕಾಂತ ಹಿಡಿದೆ ಅಂತಿಟ್ಟುಕೋ. ರಬ್ಬರ್ ಗಟ್ಟಿಯಾಗುತ್ತದೆ, ನಿಜ. ಆದರೆ ಗಾಳಿಗೆ ರಬ್ಬರೂ ಒಂದು ಗೋಡೆಯೇ, ಸ್ಟೀಲೂ ಒಂದು ಗೋಡೆಯೇ. ಅಲೆ ಒಳಗೆ ಹೋಗುವುದೇ ಇಲ್ಲ, ಗಟ್ಟಿಯಾದದ್ದು ಅದಕ್ಕೆ ಹೇಗೆ ಗೊತ್ತಾಗಬೇಕು? ಸುಮ್ನೆ ಕಾಯಿಲ್ ಸುತ್ತಿದ್ದಷ್ಟೇ ಲಾಭ. ಬದಲಾಗುವ ವಸ್ತುವನ್ನು ಅಲೆ ಮುಟ್ಟುವ ಜಾಗದಲ್ಲೇ ಇಡಬೇಕು, ಇಲ್ಲವೇ ಆಕಾರವನ್ನೇ ಬದಲಿಸಬೇಕು.

2000ದಲ್ಲಿ ಹಾಂಗ್‌ಕಾಂಗ್‌ನವರು ಸೀಸದ ಗುಂಡಿಗೆ ಮೆತ್ತನೆಯ ಸಿಲಿಕೋನ್ ಹೊದಿಸಿ, ಎಪಾಕ್ಸಿ ಅನ್ನೋ ಗಟ್ಟಿ ಅಂಟಿನಲ್ಲಿ ಕೂರಿಸಿದ್ದನ್ನು ಓದು. ಗುಂಡು ಭಾರ, ಹೊದಿಕೆ ಸ್ಪ್ರಿಂಗ್. ನಿನ್ನ ಪುಡಿ ಬೆರೆಸಿದ ರಬ್ಬರ್ ಆ ಹೊದಿಕೆಯಾಗಲಿ. ಆಗ ಅಯಸ್ಕಾಂತದ ಫೀಲ್ಡ್ ಕೊಟ್ಟರೆ ಗುಂಡಿನ ಕಂಪನದ ಹರ್ಟ್ಸ್ ಲೆಕ್ಕ ಜರುಗುತ್ತದೆ. ಆದರೂ ಜಾಸ್ತಿ ಆಸೆ ಬೇಡ, ಆ ಲೆಕ್ಕ ಹೊದಿಕೆಯ ಗಡಸುತನದ ವರ್ಗಮೂಲದಂತೆ ಏರುತ್ತದೆ. ಗಡಸುತನ ಎರಡರಷ್ಟಾದರೂ ಅದು ಏರುವುದು ಶೇಕಡಾ 41 ಮಾತ್ರ. ಪುಡಿ ಸ್ಯಾಚುರೇಟ್ ಆದಮೇಲೆ, ಅಂದರೆ ಇನ್ನಷ್ಟು ಕಾಂತತ್ವ ಹಿಡಿಯಲಾರದ ಹಂತ ಮುಟ್ಟಿದ ಮೇಲೆ, ಅದೂ ಇಲ್ಲ.

ಬಿಸಿ ಮಾಡಿದರೆ ಹಳೆಯ ಆಕಾರಕ್ಕೆ ಮರಳುವ ‘ನೆನಪಿನ ಲೋಹ’ ನೈಟಿನಾಲ್ ಬಗ್ಗೆಯೂ ಕೇಳಿದ್ದೀಯಂತೆ. ಬಿಸಿ ಮಾಡಿದರೆ ಅದು ಗಟ್ಟಿಯಾಗುತ್ತದೆ, ಆದರೆ ನಿಧಾನ. ನಮ್ಮ ಕಡೆ ಮಾರಿ ಹಬ್ಬದಲ್ಲಿ ತಮಟೆ ಕಾಯಿಸುತ್ತಾರಲ್ವಾ, ಹಾಗೆ. ಬೆಂಕಿಗೆ ಹಿಡಿದರೆ ದನಿ ಏರುತ್ತದೆ, ಮೆರವಣಿಗೆ ಅರ್ಧ ದಾರಿ ಹೋಗುವಷ್ಟರಲ್ಲಿ ಇಳಿಯುತ್ತದೆ, ಮತ್ತೆ ಬೆಂಕಿ ಹುಡುಕಬೇಕು. ಬೇಗ ಬದಲಾಗಬೇಕಿದ್ದರೆ, ಒತ್ತಿದರೆ ವಿದ್ಯುತ್ ಹುಟ್ಟಿಸುವ ಪೀಜೋ ತುಂಡಿಗೆ ಸರ್ಕ್ಯೂಟ್ ಜೋಡಿಸುವ ದಾರಿ ಇದೆ, ಹಿಡಿತ ಮಾತ್ರ ಹರ್ಟ್ಸ್‌ಗಳ ಒಂದು ಸಣ್ಣ ಪಟ್ಟಿಯ ಮೇಲೆ.

ಇನ್ನೊಂದು ವಿಷಯ. ಕಾಯಿಲ್ ಬಿಸಿಯಾಗುತ್ತದೆ, ಆ ಬಿಸಿಗೆ ನಿನ್ನ ರಬ್ಬರ್‌ನ ಗುಣವೂ ಬದಲಾಗುತ್ತದೆ. ಗ್ರಾಫ್ ಜರುಗಿದ್ದು ಫೀಲ್ಡಿನಿಂದಲೋ ಬಿಸಿಯಿಂದಲೋ ಯಾರಿಗೂ ತಿಳಿಯುವುದಿಲ್ಲ. ಸ್ಯಾಂಪಲ್‌ಗೇ ಬಿಸಿ ಅಳೆಯುವ ಥರ್ಮೋಕಪಲ್ ತಂತಿ ಅಂಟಿಸು. ಕರೆಂಟ್ ಕೊಡುವ ಮೊದಲು ಒಮ್ಮೆ ಅಳೆ. ಆಫ್ ಮಾಡಿ, ತಣ್ಣಗಾದ ಮೇಲೆ ಮತ್ತೊಮ್ಮೆ ಅಳೆ. ಎರಡು ಗೆರೆ ಒಂದರ ಮೇಲೊಂದು ಕೂತರೆ ಗೈಡ್ ಹತ್ತಿರ ಹೋಗು. ಕೂರದಿದ್ದರೆ ಮೊದಲು ನನಗೆ ಫೋನ್ ಮಾಡು, ಮಧ್ಯಾಹ್ನ ಮೂರರ ಮೇಲೆ. ಅದಕ್ಕೂ ಮುಂಚೆ ನಿಮ್ಮತ್ತೆ ಫೋನ್ ಬಿಡುವುದಿಲ್ಲ.

ನಿನ್ನ ಮಾವ